ನಡುಗಗನದಲ್ಲಿ ಎಂಜಿನ್ ಕೆಟ್ಟಾಗ

ಮಾಗಡಿ ಸೀಮೆಯ ಕುದೂರಿನ ಬಳಿ ಭೈರವನದುರ್ಗವೆಂಬ ಬಂಡೆಬೆಟ್ಟವಿದೆ. ಅದನ್ನೇರಿ ನಿಂತವರಿಗೆ, ರೆಕ್ಕೆ ಬಡಿಯದೆ ತೇಲುವ ಹಕ್ಕಿಗಳಂತೆ, ದೂರದಲ್ಲಿ ವಿಮಾನಗಳು ಸಾಗುವುದು ಕಾಣಿಸುವುದುಂಟು. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಕೆಂಪೇಗೌಡನ ಹೆಸರಿದೆ; ಮಾಗಡಿಯನ್ನು ಆಳಿದ್ದು ಆತನ ಮನೆತನವೇ. ನೋಡುವವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದಿರದು. ನಡುದಾರಿಯಲ್ಲಿ ಬಸ್ಸು ಕೆಟ್ಟರೆ ಬದಿಗೆ ನಿಲ್ಲಿಸಬಹುದು. ಆಕಾಶದಲ್ಲಿ ಎಂಜಿನ್ ಕೆಟ್ಟರೆ ಗತಿಯೇನು?

2024ರ ಮೇ 18ರ ರಾತ್ರಿ ಈ ಪ್ರಶ್ನೆ ಬೆಂಗಳೂರಿನ ಆಕಾಶದಲ್ಲಿಯೇ ಎದುರಾಯಿತು. ಕೊಚ್ಚಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ನೆಲವನ್ನು ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಅದರ ಒಂದು ಎಂಜಿನ್ನಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಒಳಗೆ 179 ಮಂದಿ ಪ್ರಯಾಣಿಕರೂ 6 ಮಂದಿ ಸಿಬ್ಬಂದಿಯೂ ಇದ್ದರು. ಚಾಲಕರು ನಿಯಂತ್ರಣ ಗೋಪುರಕ್ಕೆ ಸುದ್ದಿ ಮುಟ್ಟಿಸಿ, ವಿಮಾನವನ್ನು ಹಿಂದಿರುಗಿಸಿ, ರಾತ್ರಿ 11 ಗಂಟೆ 12 ನಿಮಿಷಕ್ಕೆ ಬೆಂಗಳೂರಿನಲ್ಲಿಯೇ ಇಳಿಸಿದರು. ಬೆಂಕಿಯನ್ನು ಆರಿಸಲಾಯಿತು, ಎಲ್ಲರೂ ಜೀವಸಹಿತ ಹೊರಬಂದರು.

ಇದು ಹೇಗೆ ಸಾಧ್ಯವಾಯಿತು? ವಿಮಾನವನ್ನು ಮೇಲೆ ಹಿಡಿದಿರುವುದು ಎಂಜಿನ್ನೆಂದು ಬಹು ಜನರು ತಿಳಿದಿದ್ದಾರೆ. ಅದು ಸರಿಯಲ್ಲ. ಎಂಜಿನ್ ಕೊಡುವುದು ಮುನ್ನುಗ್ಗುವ ವೇಗವನ್ನು. ಆ ವೇಗದಿಂದ ರೆಕ್ಕೆಯ ಮೇಲೂ ಕೆಳಗೂ ಹರಿಯುವ ಗಾಳಿ ವಿಮಾನವನ್ನು ಎತ್ತಿ ಹಿಡಿಯುತ್ತದೆ. ಎರಡು ಎಂಜಿನ್ನುಗಳ ಪ್ರಯಾಣಿಕ ವಿಮಾನವು ಒಂದೇ ಎಂಜಿನ್ನಿನ ಬಲದಿಂದ ಮೇಲೇರಿ, ಸಾಗಿ, ಇಳಿಯುವಂತೆ ಇರಲೇಬೇಕೆಂಬುದು ನಿಯಮ. ಹೊರಡುವ ಮುನ್ನ ವಿಮಾನದ ತೂಕ, ಗಾಳಿ, ಸೆಕೆ, ಓಡುದಾರಿಯ ಉದ್ದ ಇವನ್ನೆಲ್ಲ ಲೆಕ್ಕಹಾಕಿ ಒಂದು ನಿರ್ಣಯವೇಗವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಅದಕ್ಕೂ ಮೊದಲೇ ಎಂಜಿನ್ ಕೆಟ್ಟರೆ ವಿಮಾನವನ್ನು ನೆಲದ ಮೇಲೆಯೇ ನಿಲ್ಲಿಸಬಹುದು. ಆ ವೇಗವನ್ನು ದಾಟಿದ ಮೇಲೆ ನಿಲ್ಲಿಸಹೊರಟರೆ ಓಡುದಾರಿ ಸಾಲದು, ಹಾರುವುದೇ ಕ್ಷೇಮ.

ಒಂದು ಬದಿಯ ಎಂಜಿನ್ ನಿಂತಾಗ, ಜೋಡೆತ್ತಿನಲ್ಲಿ ಒಂದು ಮುಗ್ಗರಿಸಿದ ಗಾಡಿಯಂತೆ, ವಿಮಾನದ ಮೂತಿ ಬಲ ಕುಂದಿದ ಕಡೆಗೆ ತಿರುಗುತ್ತದೆ. ಚಾಲಕನು ಕಾಲಿನ ಪೆಡಲನ್ನು ಒತ್ತಿ ಬಾಲದ ಚುಕ್ಕಾಣಿಯಿಂದ ಅದನ್ನು ನೇರ ಮಾಡುತ್ತಾನೆ. ಮೊದಲ ಕೆಲಸವೇ ಇದು: ಬೇರೇನೇ ಆಗಲಿ, ವಿಮಾನವನ್ನು ಹಾರಿಸುತ್ತಿರಬೇಕು. ಎತ್ತ ಹೋಗಬೇಕೆಂಬುದು ಆಮೇಲಿನ ಮಾತು; ಗೋಪುರದೊಡನೆ ಸಂಭಾಷಣೆ ಅದಕ್ಕೂ ಆಮೇಲಿನದು. ಒಬ್ಬ ಚಾಲಕನು ವಿಮಾನವನ್ನು ನೋಡಿಕೊಳ್ಳುತ್ತಿರುವಾಗ ಇನ್ನೊಬ್ಬನು ಮುದ್ರಿತ ಕ್ರಮಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾನೆ. ಬೆಂಕಿಯೆಂದು ಖಚಿತವಾದರೆ ಆ ಎಂಜಿನ್ನಿಗೆ ಇಂಧನ ಹರಿಯುವುದನ್ನು ತಡೆದು, ಬೆಂಕಿ ಆರಿಸುವ ಅನಿಲವನ್ನು ಅದರೊಳಕ್ಕೆ ಬಿಡುತ್ತಾರೆ. ಅರ್ಧ ನಿಮಿಷದಲ್ಲಿಯೂ ಬೆಂಕಿ ಆರದಿದ್ದರೆ ಎರಡನೆಯ ಸೀಸೆಯಿದೆ.

ಆದರೆ ಯಾವ ಎಂಜಿನ್? ಕೇಳಲು ಸರಳವಾದ ಈ ಪ್ರಶ್ನೆಯಲ್ಲಿಯೇ ಪ್ರಾಣಗಳು ತೂಗಾಡುತ್ತವೆ. 1989ರ ಜನವರಿ 8ರಂದು ಇಂಗ್ಲೆಂಡಿನಲ್ಲಿ ಹಾರುತ್ತಿದ್ದ ಬ್ರಿಟಿಷ್ ಮಿಡ್‌ಲ್ಯಾಂಡ್ ಸಂಸ್ಥೆಯ ಬೋಯಿಂಗ್ 737 ವಿಮಾನ ನಡುಗತೊಡಗಿತು. ಹೊಗೆಯ ವಾಸನೆಯೂ ಬಂತು. ಕೆಟ್ಟಿದ್ದು ಎಡಗಡೆಯ ಎಂಜಿನ್. ಚಾಲಕರು ನಿಲ್ಲಿಸಿದ್ದು ಬಲಗಡೆಯದನ್ನು. ಅದೇ ಹೊತ್ತಿಗೆ ನಡುಕ ಕಡಿಮೆಯಾದುದರಿಂದ ತಮ್ಮ ಊಹೆ ಸರಿಯೆಂದೇ ಅವರು ನಂಬಿದರು. ಹಿಂದೆ ಕುಳಿತಿದ್ದ ಕೆಲವರು ಎಡಗಡೆಯಲ್ಲಿ ಕಿಡಿಗಳನ್ನು ಕಂಡಿದ್ದರು. ಆ ಮಾತು ಚಾಲಕರನ್ನು ಮುಟ್ಟಲಿಲ್ಲ. ಇಳಿಯಬೇಕಾಗಿದ್ದ ನಿಲ್ದಾಣ ಕಣ್ಣೆದುರಿಗೇ ಇರುವಾಗ ಎಡ ಎಂಜಿನ್ನೂ ಸೋತು, ವಿಮಾನ ಕೆಗ್‌ವರ್ತ್ ಎಂಬ ಊರಿನ ಬಳಿ ಹೆದ್ದಾರಿಯ ದಿಣ್ಣೆಗೆ ಅಪ್ಪಳಿಸಿತು. 126 ಮಂದಿಯಲ್ಲಿ 47 ಮಂದಿ ಸತ್ತರು. ಒಂದು ಎಂಜಿನ್ ನಿಂತದ್ದರಿಂದ ಅವರು ಸಾಯಬೇಕಾಗಿರಲಿಲ್ಲ. ಅವಸರವೇ ಅವರನ್ನು ಕೊಂದಿತೆನ್ನಬೇಕು. ಆದುದರಿಂದಲೇ ಎಂಜಿನ್ನಿನ ಹಿಡಿಯನ್ನು ಮುಟ್ಟುವ ಮುನ್ನ ಒಬ್ಬನು ಅದನ್ನು ಹೆಸರಿಸಿ ತೋರಿಸುವುದು, ಇನ್ನೊಬ್ಬನು ನೋಡಿ ಹೌದೆನ್ನುವುದು ಚಾಲಕರ ಕಟ್ಟುನಿಟ್ಟಿನ ಕ್ರಮವಾಗಿದೆ. ನೆಲದ ಮೇಲೆಯೇ ಇದ್ದು ಹಾರಾಟವನ್ನು ಅನುಕರಿಸುವ ಸಿಮ್ಯುಲೇಟರ್ ಎಂಬ ಯಂತ್ರದಲ್ಲಿ ಇದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ಬೆಂಗಳೂರಿನಲ್ಲಿಯೂ ಇಂತಹ ಯಂತ್ರಗಳಿವೆ.

ಎಲ್ಲ ಎಂಜಿನ್ನುಗಳೂ ಒಮ್ಮೆಗೇ ನಿಂತರೆ? ಅಪರೂಪವಾದರೂ ಹಾಗೂ ನಡೆದಿದೆ. 1982ರ ಜೂನ್ 24ರ ರಾತ್ರಿ, ಮುಂಬಯಿ ಮತ್ತು ಚೆನ್ನೈಗಳ ಮೂಲಕ ಬಂದು ಆಸ್ಟ್ರೇಲಿಯದತ್ತ ಸಾಗಿದ್ದ ಬ್ರಿಟಿಷ್ ಏರ್‌ವೇಸ್ ವಿಮಾನದ ನಾಲ್ಕು ಎಂಜಿನ್ನುಗಳೂ ಜಾವಾ ದ್ವೀಪದ ಬಳಿ ಒಂದರ ಹಿಂದೊಂದು ನಿಂತುಹೋದವು. ಒಳಗಿದ್ದವರು 263 ಮಂದಿ. ವಿಮಾನ ಕಲ್ಲಿನಂತೆ ಬೀಳಲಿಲ್ಲ. ಗಾಳಿಯ ಮೇಲೆ ಜಾರುತ್ತ ಇಳಿಯಿತು. ದೊಡ್ಡ ವಿಮಾನವೊಂದು ಎಂಜಿನ್ನಿಲ್ಲದೆ ಒಂದು ಕಿಲೋಮೀಟರು ಕೆಳಗಿಳಿಯುವಷ್ಟರಲ್ಲಿ ಸುಮಾರು ಹದಿನೈದು ಕಿಲೋಮೀಟರು ಮುಂದೆ ಹೋಗಬಲ್ಲುದು. ಚಾಲಕ ಎರಿಕ್ ಮೂಡಿಯೂ ಸಂಗಡಿಗರೂ ಎತ್ತರವನ್ನು ಕಳೆದುಕೊಳ್ಳುತ್ತ, ಎಂಜಿನ್ನುಗಳನ್ನು ಹೊತ್ತಿಸುವ ಕ್ರಮವನ್ನು ಬೇಸರವಿಲ್ಲದೆ ಪುನಃ ಪುನಃ ನಡೆಸಿದರು. 37,000 ಅಡಿ ಎತ್ತರದಲ್ಲಿದ್ದ ವಿಮಾನ 14,000 ಅಡಿಗಿಂತಲೂ ಕೆಳಗೆ ಬಂದಾಗ ಎಂಜಿನ್ನುಗಳಿಗೆ ಜೀವ ಬಂತು. ಮುಂಗಾಜು ಉಜ್ಜಿದಂತೆ ಮಸುಕಾಗಿದ್ದರೂ ಜಕಾರ್ತದಲ್ಲಿ ವಿಮಾನ ಸುರಕ್ಷಿತವಾಗಿ ಇಳಿಯಿತು.

ಕಾರಣ ತಿಳಿದದ್ದು ಆಮೇಲೆ. ಗಲುಂಗುಂಗ್ ಎಂಬ ಜ್ವಾಲಾಮುಖಿ ಉಗುಳಿದ ಬೂದಿ ಎಂಜಿನ್ನುಗಳನ್ನು ಹೊಕ್ಕು, ಕರಗಿ, ಅಂಟಿಕೊಂಡು ಉಸಿರು ಕಟ್ಟಿಸಿತ್ತು. ಬೂದಿಯ ಮೋಡದಿಂದ ಹೊರಬಂದ ಮೇಲೆ ಅದು ತಣ್ಣಗಾಗಿ ಒಡೆದು ಉದುರಿತು. ಮಳೆಮೋಡವನ್ನು ಗುರುತಿಸುವ ರಾಡಾರಿಗೆ ಒಣಬೂದಿ ಕಾಣಿಸುವುದಿಲ್ಲ. ಹೀಗಾಗಿ ಜ್ವಾಲಾಮುಖಿಯ ಬೂದಿ ಎತ್ತ ತೇಲುತ್ತಿದೆಯೆಂದು ಚಾಲಕರಿಗೆ ಎಚ್ಚರಿಕೆ ಕೊಡಲು ಈಗ ಜಗತ್ತಿನಲ್ಲಿ ಒಂಬತ್ತು ಕೇಂದ್ರಗಳು ಹಗಲಿರುಳೂ ಕಾವಲಿರುತ್ತವೆ.