ಹಳೆಯ ಗಾಡಿಯ ನಿಜವಾದ ವಯಸ್ಸು

ಮರವೊಂದರ ವಯಸ್ಸನ್ನು ಅದರ ಕಾಂಡದೊಳಗಿನ ಉಂಗುರಗಳನ್ನು ಎಣಿಸಿ ತಿಳಿಯಬಹುದು. ಯಂತ್ರದ ವಯಸ್ಸನ್ನು ತಿಳಿಯುವ ಬಗೆ ಯಾವುದು? ನೋಂದಣಿ ಪತ್ರದಲ್ಲಿ ಒಂದು ವರ್ಷ ಬರೆದಿರುತ್ತದೆ. ದೂರಮಾಪಕದಲ್ಲಿ ಒಂದು ಸಂಖ್ಯೆ ಕಾಣುತ್ತದೆ. ಆದರೆ ಒಂದೇ ದಿನ ಒಂದೇ ಕಾರ್ಖಾನೆಯಿಂದ ಹೊರಬಿದ್ದ ಎರಡು ಗಾಡಿಗಳಲ್ಲಿ ಒಂದು ಹತ್ತು ವರ್ಷಗಳ ಮೇಲೂ ಗಟ್ಟಿಮುಟ್ಟಾಗಿ ಓಡುತ್ತಿರುವಾಗ ಇನ್ನೊಂದು ಗುಜರಿಯ ಪಾಲಾಗಿರುವುದುಂಟು. ವರ್ಷವೂ ಕಿಲೋಮೀಟರೂ ವಯಸ್ಸಿನ ಸೂಚನೆಗಳೇ ಹೊರತು ವಯಸ್ಸೇ ಅಲ್ಲವೆಂದಾಯಿತು.

ಎಸ್‌ಯುವಿ ಎಂದು ಕರೆಯಲ್ಪಡುವ ಎತ್ತರವಾದ, ಭಾರವಾದ ಮೋಟಾರು ಗಾಡಿಯನ್ನು ಈಚಿನ ವರ್ಷಗಳಲ್ಲಿ ನಮ್ಮ ದೇಶದ ಅನೇಕ ಮಧ್ಯಮವರ್ಗದ ಕುಟುಂಬಗಳು ಬಯಸುತ್ತಿವೆ. ಜೀಪಿನ ಕುಲದಿಂದ ಬಂದ ಈ ಗಾಡಿ ಹೊಸದಾದರೆ ಕೈಗೆಟುಕದು. ಆದುದರಿಂದ ಒಬ್ಬರು ಬಳಸಿದ್ದನ್ನು ಕಡಿಮೆ ಬೆಲೆಗೆ ಕೊಳ್ಳುವವರು ಬಹಳ. ಕಡಿಮೆ ಬೆಲೆಯೆಂದರೂ ಎಷ್ಟೋ ಮನೆಗಳಲ್ಲಿ ಅದು ಹಲವಾರು ವರ್ಷಗಳ ಉಳಿತಾಯ. ಅದಕ್ಕಿಂತ ಮಿಗಿಲಾದ ಮಾತೆಂದರೆ, ನಾಳೆ ಆ ಗಾಡಿಯಲ್ಲಿ ಕುಳಿತು ಘಟ್ಟ ಇಳಿಯತಕ್ಕವರು ನಮ್ಮ ತಂದೆತಾಯಿಗಳು, ನಮ್ಮ ಒಡಹುಟ್ಟಿದವರು. ಮನೆಯ ಹಿರಿಯರು ಇಂಥ ಗಾಡಿಯನ್ನು ನೋಡಲು ಹೊರಟಾಗ ತರಗತಿಯಲ್ಲಿ ಕಲಿತ ಭೌತಶಾಸ್ತ್ರ ನೆರವಾದೀತೆ? ಆಗುತ್ತದೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಖ್ಯಾತಿಯೆಂಬ ಸರಾಸರಿ

“ಯಾವ ಕಂಪನಿಯ ಗಾಡಿ ಕೊಂಡರೆ ತೊಂದರೆಯಿಲ್ಲ?” ಎಂದು ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು. ಪ್ರಶ್ನೆ ಸಹಜವಾದದ್ದೇ; ಆದರೆ ಅದರಲ್ಲಿ ಒಂದು ತೊಡಕಿದೆ. ಒಂದು ಯಂತ್ರವು ಗೊತ್ತಾದ ಪರಿಸ್ಥಿತಿಯಲ್ಲಿ, ಗೊತ್ತಾದ ಕಾಲದವರೆಗೆ ಕೆಡದೆ ಕೆಲಸಮಾಡುವ ಸಂಭವನೀಯತೆಗೆ ವಿಶ್ವಾಸಾರ್ಹತೆ ಎಂದು ಹೆಸರು. ಸಂಭವನೀಯತೆಯು ಸಮೂಹಕ್ಕೆ ಸಂಬಂಧಿಸಿದ ಮಾತು. ಸಾವಿರ ಜನರಲ್ಲಿ ಎಷ್ಟು ಮಂದಿ ಎಂಬತ್ತು ವರ್ಷ ಬಾಳುವರೆಂದು ಜೀವವಿಮೆಯ ಗಣಿತಜ್ಞರು ಹೇಳಬಲ್ಲರು. ಎದುರಿಗೆ ಕುಳಿತವರ ಆಯುಸ್ಸನ್ನು ಹೇಳಲಾರರು. ಗಾಡಿಯ ವಿಷಯವೂ ಹೀಗೆಯೇ.

ಇದರ ಲೆಕ್ಕ ಕುತೂಹಲಕರವಾಗಿದೆ. ಒಂದು ಯಂತ್ರದಲ್ಲಿ 100 ಮುಖ್ಯ ಭಾಗಗಳಿದ್ದು, ಯಾವುದೊಂದು ಕೆಟ್ಟರೂ ಯಂತ್ರ ನಿಲ್ಲುವುದೆಂದಿಟ್ಟುಕೊಳ್ಳೋಣ. ಪ್ರತಿಯೊಂದು ಭಾಗವೂ ಒಂದು ವರ್ಷ ಕೆಡದಿರುವ ಸಂಭವನೀಯತೆ 0.99 ಆಗಿರಲಿ. ಇದು ಬಹಳ ಒಳ್ಳೆಯ ಭಾಗವೆಂದೇ ತೋರುತ್ತದೆ. ಆದರೆ 0.99 ಅನ್ನು ನೂರು ಬಾರಿ ಗುಣಿಸಿದರೆ ಬರುವ ಬೆಲೆ ಸುಮಾರು 0.37 ಮಾತ್ರ! ಪ್ರತಿ ಭಾಗದ್ದೂ 0.999 ಆದರೆ ಒಟ್ಟು ಬೆಲೆ 0.90ಕ್ಕೆ ಏರುತ್ತದೆ. ಸೌಕರ್ಯಗಳು ಹೆಚ್ಚಿದಂತೆ ಕೆಡುವ ಅವಕಾಶಗಳೂ ಹೆಚ್ಚುತ್ತವೆ ಎಂಬುದು ಇದರಿಂದ ಸ್ಪಷ್ಟ. ಮೋಟಾರಿನಿಂದ ತೆರೆಯುವ ಗಾಜಿನ ಚಾವಣಿ, ತಾನಾಗಿ ಬದಲಾಗುವ ಗೇರು, ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ ಇವೆಲ್ಲ ಹಳೆಯ ಗಾಡಿಯಲ್ಲಿ ಆಕರ್ಷಣೆಗಳೂ ಹೌದು, ಹೊಣೆಗಳೂ ಹೌದು. ಇವುಗಳಲ್ಲಿ ಒಂದರ ದುರಸ್ತಿಯ ಖರ್ಚು ಕೆಲವೊಮ್ಮೆ ಮೂಗಿಗಿಂತ ಮೂಗುತಿ ಭಾರವೆನ್ನುವಂತಾಗುತ್ತದೆ.

ಯಂತ್ರಗಳು ಕೆಡುವ ಪ್ರಮಾಣವನ್ನು ಕಾಲಕ್ಕೆದುರಾಗಿ ಗುರುತಿಸಿದರೆ ಸ್ನಾನದ ತೊಟ್ಟಿಯ ಆಕಾರದ ವಕ್ರರೇಖೆ ದೊರೆಯುತ್ತದೆ. ಆರಂಭದಲ್ಲಿ ತಯಾರಿಕೆಯ ದೋಷಗಳಿಂದ ಕೆಡುವಿಕೆ ಹೆಚ್ಚು. ನಡುವೆ ದೀರ್ಘಕಾಲ ಕಡಿಮೆ. ಕೊನೆಗೆ ಸವೆತದಿಂದ ಮತ್ತೆ ಏರಿಕೆ. ಇಂಥ ವರ್ತನೆಯನ್ನು ಗಣಿತಕ್ಕೆ ಅಳವಡಿಸಲು ಇಂದಿಗೂ ಬಳಕೆಯಲ್ಲಿರುವ ಸೂತ್ರವನ್ನು ಸ್ವೀಡನ್ನಿನ ವಾಲೊಡ್ಡಿ ವೈಬುಲ್ 1951ರ ಲೇಖನವೊಂದರಲ್ಲಿ ವಿವರಿಸಿದನು. ಹಳೆಯ ಗಾಡಿಯನ್ನು ಕೊಳ್ಳುವವನು ತೊಟ್ಟಿಯ ತಳದಲ್ಲಿರುವುದನ್ನು ಆರಿಸಬೇಕು, ಅಂಚನ್ನು ಏರತೊಡಗಿದ್ದನ್ನಲ್ಲ.

ಹೆಸರೊಂದೇ ಸಾಲದು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆಯುಂಟು. 1998ರಲ್ಲಿ ಬಂದ ಟಾಟಾ ಸಫಾರಿಯನ್ನು ಏಣಿಯಂಥ ಉಕ್ಕಿನ ಚಾಸಿಯ ಮೇಲೆ ಮೈಯನ್ನು ಕೂರಿಸಿ ಕಟ್ಟಿದ್ದರು. 2021ರಲ್ಲಿ ಅದೇ ಹೆಸರಿನಿಂದ ಬಂದ ಗಾಡಿಯಲ್ಲಿ ಮೈಯೂ ಚೌಕಟ್ಟೂ ಒಂದೇ ಆಗಿವೆ. ಎಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ಹೆಸರು ಒಂದು, ಯಂತ್ರಗಳು ಎರಡು. ಹಳೆಯದರ ಗುಣದೋಷಗಳನ್ನು ಹೊಸದಕ್ಕೆ ಹೊರಿಸುವುದಾಗಲಿ, ಹೊಸದರವನ್ನು ಹಳೆಯದಕ್ಕೆ ಹೊರಿಸುವುದಾಗಲಿ ಸರಿಯಲ್ಲ.

ಭಾರಕ್ಕೆ ತೆರುವ ಬೆಲೆ

ಈ ಜಾತಿಯ ಗಾಡಿಗಳಲ್ಲಿ ಕಾಣುವ ಅನೇಕ ತೊಂದರೆಗಳ ಮೂಲ ಅವುಗಳ ದ್ರವ್ಯರಾಶಿ. 2,000 ಕಿಲೋಗ್ರಾಮ್ ತೂಗುವ ಗಾಡಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವಾಗ ಅದರ ಚಲನ ಶಕ್ತಿ ಸುಮಾರು 4.9 ಲಕ್ಷ ಜೂಲ್. ನಿಲ್ಲಿಸುವಾಗ ಇದರ ಬಹುಭಾಗ ಬ್ರೇಕುಗಳಲ್ಲಿ ಉಷ್ಣವಾಗಿ ಮಾರ್ಪಡುತ್ತದೆ. 30 ಡಿಗ್ರಿಯಲ್ಲಿರುವ ಒಂದೂಮುಕ್ಕಾಲು ಲೀಟರಿನಷ್ಟು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಉಷ್ಣ ಸಾಕು. ಇನ್ನು ಅದೇ ಗಾಡಿ ಘಟ್ಟದಲ್ಲಿ 500 ಮೀಟರು ಕೆಳಗಿಳಿದರೆ ಅದು ಕಳೆದುಕೊಳ್ಳುವ ಸ್ಥಿತಿ ಶಕ್ತಿ 98 ಲಕ್ಷ ಜೂಲ್. ಎಂದರೆ, ಹಿಂದೆ ಹೇಳಿದ ರೀತಿಯಲ್ಲಿ ಇಪ್ಪತ್ತು ಸಲ ನಿಲ್ಲಿಸಿದಷ್ಟು. ಘಟ್ಟ ಇಳಿಯುವಾಗ ಕೆಳಗಿನ ಗೇರಿನಲ್ಲಿಟ್ಟು ಎಂಜಿನ್ನಿಗೂ ಈ ಹೊರೆಯಲ್ಲಿ ಪಾಲು ಕೊಡಬೇಕೆಂದು ಅನುಭವಿ ಚಾಲಕರು ಹೇಳುವುದು ಇದಕ್ಕಾಗಿಯೇ.

ಬ್ರೇಕಿನ ದ್ರವವೂ ಗಮನಾರ್ಹ. ಅದು ಗಾಳಿಯ ತೇವವನ್ನು ಮೆಲ್ಲಮೆಲ್ಲನೆ ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ವರ್ಗದ ದ್ರವ ಹೊಸದಾಗಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕು. ತೇವ ಹೀರಿದ ಮೇಲೆ ಅದು 155 ಡಿಗ್ರಿಯವರೆಗೂ ಇಳಿಯಬಹುದು. ಘಟ್ಟದ ಬಿಸಿಗೆ ದ್ರವ ಕುದಿದು ಆವಿಯಾದರೆ ಕೊಳವೆಯಲ್ಲಿ ಗುಳ್ಳೆಗಳುಂಟಾಗುತ್ತವೆ. ದ್ರವ ಒತ್ತಡಕ್ಕೆ ಮಣಿಯದು, ಆವಿ ಮಣಿಯುತ್ತದೆ. ಆದುದರಿಂದ ತುಳಿದ ಪೆಡಲು ತಳಕ್ಕೆ ಹೋದರೂ ಗಾಡಿ ನಿಲ್ಲದು. ದ್ರವವನ್ನು ಕೊನೆಯ ಬಾರಿ ಯಾವಾಗ ಬದಲಾಯಿಸಿದರೆಂದು ಕೇಳುವುದು ಅತಿ ಸಣ್ಣ ಪ್ರಶ್ನೆ. ಉತ್ತರದ ಬೆಲೆ ಮಾತ್ರ ಪ್ರಾಣದಷ್ಟು.

ಎಂಜಿನ್ನಿನ ಉಸಿರು

ಗಾಡಿಯನ್ನು ನೋಡಲು ಬೆಳಗ್ಗೆಯೇ ಹೋಗುವುದು ಮೇಲು. ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಬೇಕು. ಬೆಚ್ಚಗಿದ್ದರೆ ಮಾರುವವರು ನಾವು ಬರುವ ಮುನ್ನವೇ ಎಂಜಿನ್ನನ್ನು ಓಡಿಸಿದ್ದಾರೆ ಎಂದರ್ಥ. ತಣ್ಣಗಿರುವಾಗ ಲೋಹದ ಭಾಗಗಳ ನಡುವಣ ಸಂದು ಹೆಚ್ಚಾಗಿಯೂ ಎಣ್ಣೆ ಮಂದವಾಗಿಯೂ ಇರುತ್ತವೆ. ಸವೆತದ ಸದ್ದು ಆಗಲೇ ಚೆನ್ನಾಗಿ ಕೇಳಿಸುವುದು. ಹೊಗೆಯ ಬಣ್ಣವೂ ಮಾತನಾಡುತ್ತದೆ. ನೀಲಿ ಛಾಯೆಯಿದ್ದರೆ ಎಣ್ಣೆ ಉರಿಯುತ್ತಿದೆ. ಕಪ್ಪಾಗಿದ್ದರೆ ಇಂಧನ ಪೂರ್ಣವಾಗಿ ದಹಿಸುತ್ತಿಲ್ಲ. ಎಂಜಿನ್ನು ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ತಂಪುಕಾರಕ ದ್ರವ ಸಿಲಿಂಡರಿನೊಳಕ್ಕೆ ಸೋರುತ್ತಿರಬಹುದು.

ಇಂದಿನ ಡೀಸೆಲ್ ಎಸ್‌ಯುವಿಗಳಲ್ಲಿ ಟರ್ಬೋ ಎಂಬ ಪುಟ್ಟ ಗಾಳಿಚಕ್ರವಿದೆ. ಹೊರಹೋಗುವ ಬಿಸಿ ಅನಿಲದಿಂದ ಅದು ನಿಮಿಷಕ್ಕೆ ಲಕ್ಷ ಸುತ್ತುಗಳಿಗೂ ಮೀರಿ ತಿರುಗಬಲ್ಲದು. ಅದರ ದಂಡಕ್ಕೆ ಆಧಾರ ತೆಳುವಾದೊಂದು ಎಣ್ಣೆಯ ಪದರ ಮಾತ್ರ. ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸದ ಗಾಡಿಯಲ್ಲಿ ಮೊದಲು ಸೊರಗುವ ಅಂಗಗಳಲ್ಲಿ ಇದೂ ಒಂದು. ಕೆಲವು ಎಂಜಿನ್ನುಗಳಲ್ಲಿ ಕವಾಟಗಳನ್ನು ನಡೆಸಲು ಸರಪಣಿಯ ಬದಲು ರಬ್ಬರಿನ ಟೈಮಿಂಗ್ ಬೆಲ್ಟು ಇರುತ್ತದೆ. ಅದು ಓಡಿದ ದೂರದಿಂದ ಮಾತ್ರವೇ ಅಲ್ಲದೆ ಕಳೆದ ವರ್ಷಗಳಿಂದಲೂ ಹಳತಾಗುತ್ತದೆ. ತುಂಡಾದರೆ ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ನು ತೆರೆದ ಕವಾಟಕ್ಕೆ ಬಡಿದು ಕ್ಷಣಾರ್ಧದಲ್ಲಿ ದೊಡ್ಡ ಹಾನಿಯಾಗುತ್ತದೆ. ಅದನ್ನು ಬದಲಾಯಿಸಿದ ರಸೀತಿ ಇಲ್ಲವಾದರೆ ಬದಲಾಯಿಸಿಲ್ಲವೆಂದೇ ತಿಳಿದು ಬೆಲೆ ಕಟ್ಟಬೇಕು.

ಹೊಸ ಗಾಡಿಗಳಿಗೆ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವಿದೆ. ಹಿಡಿದ ಮಸಿ ಸುಮಾರು 600 ಡಿಗ್ರಿಯ ಬಿಸಿಯಲ್ಲಿ ಉರಿದುಹೋಗಬೇಕು. ಪ್ರತಿದಿನ ಮನೆಯಿಂದ ಕಚೇರಿಗೆ ಮೂರು ಕಿಲೋಮೀಟರು ಮಾತ್ರ ಓಡಿದ ಗಾಡಿಗೆ ಆ ಬಿಸಿ ಒದಗುವುದಿಲ್ಲ, ಶೋಧಕ ಕಟ್ಟಿಕೊಳ್ಳುತ್ತದೆ. “ಬಹಳ ಕಡಿಮೆ ಓಡಿದ ಗಾಡಿ” ಎಂಬುದು ಯಾವಾಗಲೂ ಹೊಗಳಿಕೆಯಲ್ಲ!

ಲೋಹದ ದಣಿವು, ನೀರಿನ ಗುರುತು

1842ರಲ್ಲಿ ಪ್ಯಾರಿಸ್ಸಿನ ಬಳಿ ರೈಲು ಎಂಜಿನ್ನೊಂದರ ಅಚ್ಚು ಮುರಿದು ಘೋರ ಅಪಘಾತವಾಯಿತು. ಬಲವಾದ ಲೋಹವೂ ಪದೇ ಪದೇ ಬೀಳುವ ಸಣ್ಣ ಹೊರೆಗಳಿಂದ ಬಿರುಕುಬಿಟ್ಟು ಮುರಿಯಬಲ್ಲದೆಂಬುದನ್ನು ಜರ್ಮನಿಯ ಔಗುಸ್ಟ್ ವೋಲರ್ ಆ ಶತಮಾನದ ನಡುಭಾಗದಲ್ಲಿ ದೀರ್ಘ ಪ್ರಯೋಗಗಳಿಂದ ತೋರಿಸಿದನು. ಇದೇ ಲೋಹದ ದಣಿವು. ಹಳ್ಳಕೊಳ್ಳದ ರಸ್ತೆಯಲ್ಲಿ ಭಾರ ಹೊತ್ತು ಓಡಿದ ಗಾಡಿಯ ಚಾಸಿ, ಸ್ಪ್ರಿಂಗು, ಕೀಲುಗಳೆಲ್ಲ ಇದಕ್ಕೆ ಗುರಿ. ಆದುದರಿಂದ ಮೇಲಿನ ಬಣ್ಣ ನೋಡಿ ತೃಪ್ತರಾಗದೆ, ಗಾಡಿಯನ್ನು ಲಿಫ್ಟಿನ ಮೇಲೇರಿಸಿ ನುರಿತ ಮೆಕ್ಯಾನಿಕ್ಕಿನೊಡನೆ ಕೆಳಗಿನಿಂದ ನೋಡಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಕಡಲತೀರದ ಉಪ್ಪುಗಾಳಿ ತುಕ್ಕನ್ನು ತ್ವರೆಗೊಳಿಸುತ್ತದೆ. ಏಕೆಂದರೆ ಉಪ್ಪು ಕರಗಿದ ನೀರು ಒಳ್ಳೆಯ ವಿದ್ಯುದ್ವಾಹಕ, ತುಕ್ಕು ಹಿಡಿಯುವುದು ವಿದ್ಯುದ್ರಾಸಾಯನಿಕ ಕ್ರಿಯೆ. ಇನ್ನು ನೆರೆಯ ನೀರು. 2015ರ ಡಿಸೆಂಬರಿನಲ್ಲಿ ಚೆನ್ನೈ, 2018ರ ಆಗಸ್ಟಿನಲ್ಲಿ ಕೇರಳ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಲವು ಬಡಾವಣೆಗಳು ಜಲಾವೃತವಾದಾಗ ಕಾರುಗಳೂ ಮುಳುಗಿದವು. ಒಣಗಿಸಿ ತೊಳೆದರೂ ತಂತಿಗಳ ಜೋಡಣೆಯಲ್ಲಿ ಉಳಿದ ತೇವ ತಿಂಗಳುಗಳ ಮೇಲೆ ಕಾಟ ಕೊಡುತ್ತದೆ. ಸೀಟಿನ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿರಿ. ಕೆಸರಿನ ಗೆರೆ ಅಲ್ಲಿ ಅಡಗಿರಬಹುದು. ಕಾಲಹಾಸಿನ ಅಡಿಯಲ್ಲಿಯೂ ಸೀಟಿನ ಹಳಿಗಳಲ್ಲಿಯೂ ಮಣ್ಣು, ತುಕ್ಕು, ಮುಗ್ಗು ವಾಸನೆ ಇವೆಯೇ ಎಂದು ಪರೀಕ್ಷಿಸಿರಿ.

ಅಪಘಾತದ ಗಾಯವನ್ನು ಪತ್ತೆಮಾಡಲು ಸಣ್ಣದೊಂದು ಆಯಸ್ಕಾಂತ ಸಾಕು. ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲು, ರೆಕ್ಕೆಗಳ ಮೇಲೆ ಮೆಲ್ಲನೆ ಸರಿಸಬೇಕು. ಆಯಸ್ಕಾಂತದ ಸೆಳೆತ ದೂರದೊಡನೆ ಬಹು ಬೇಗ ಕುಗ್ಗುವುದರಿಂದ, ಬಣ್ಣದಡಿಯಲ್ಲಿ ಕೆಲವು ಮಿಲಿಮೀಟರು ದಪ್ಪಕ್ಕೆ ಪಟ್ಟಿ ಮೆತ್ತಿರುವ ಕಡೆ ಹಿಡಿತ ಸಡಿಲವಾಗುತ್ತದೆ. ಪ್ಲಾಸ್ಟಿಕ್ಕಿನ ಬಂಪರಿಗೂ ಅಲ್ಯೂಮಿನಿಯಮ್ಮಿನ ಭಾಗಗಳಿಗೂ ಈ ಪರೀಕ್ಷೆ ಸಲ್ಲದೆಂಬುದನ್ನು ಮರೆಯಬಾರದು.

ಟಯರು ಹೇಳುವ ಕಥೆ

ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ 2000ದ ಆಗಸ್ಟಿನಲ್ಲಿ ಸುಮಾರು 65 ಲಕ್ಷ ಟಯರುಗಳನ್ನು ಹಿಂದಕ್ಕೆ ಕರೆಯಿತು. ಅವುಗಳಲ್ಲಿ ಬಹಳಷ್ಟು ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಎಸ್‌ಯುವಿಯ ಚಕ್ರಗಳಲ್ಲಿದ್ದವು. ಓಡುತ್ತಿರುವಾಗಲೇ ಟಯರಿನ ಮೇಲುಪದರ ಕಳಚಿ, ಗಾಡಿ ಮಗುಚಿ, 270ಕ್ಕೂ ಹೆಚ್ಚು ಮಂದಿ ಮಡಿದರು. ಟಯರಿನಲ್ಲಿ ಗಾಳಿ ಕಡಿಮೆಯಾದರೆ ಅದು ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯೇರುತ್ತದೆ, ಬಿಸಿಯೇರಿದಷ್ಟೂ ಪದರಗಳ ಬೆಸುಗೆ ಸಡಿಲವಾಗುತ್ತದೆ.

ಮಗುಚುವುದೇಕೆ? ಎರಡು ಚಕ್ರಗಳ ನಡುವಣ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಸ್ಥಿರತೆಯ ಒಂದು ಅಳತೆ ದೊರೆಯುತ್ತದೆ. ಅಗಲ 1.5 ಮೀಟರ್ ಇದ್ದು ಗುರುತ್ವ ಕೇಂದ್ರ 0.55 ಮೀಟರ್ ಎತ್ತರದಲ್ಲಿದ್ದರೆ ಈ ಬೆಲೆ 1.36, ಎತ್ತರ 0.70 ಮೀಟರ್ ಆದರೆ 1.07. ಹಿಂದಿನ ಒಡೆಯರು ಅಂದಕ್ಕಾಗಿ ದೊಡ್ಡ ಚಕ್ರ ಹಾಕಿಸಿ ಮೈಯನ್ನು ಮೇಲೆತ್ತಿಸಿದ್ದರೆ ಈ ಬೆಲೆ ಇನ್ನೂ ಇಳಿದಿರುತ್ತದೆ. ಅಂಥದನ್ನು ಬಿಡುವುದೇ ಲೇಸು.

ಟಯರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆಯೊಂದಿರುತ್ತದೆ. 3517 ಎಂದಿದ್ದರೆ 2017ನೆಯ ಇಸವಿಯ 35ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಸವೆತದ ವಿನ್ಯಾಸವನ್ನೂ ಓದಬಹುದು. ಎರಡೂ ಅಂಚುಗಳು ಸವೆದಿದ್ದರೆ ಗಾಳಿ ಕಡಿಮೆಯಿತ್ತು. ನಡುಭಾಗ ಸವೆದಿದ್ದರೆ ಹೆಚ್ಚಿತ್ತು. ಒಂದೇ ಅಂಚು ಸವೆದಿದ್ದರೆ ಚಕ್ರದ ಕೋನ ತಪ್ಪಿದೆ, ಅಥವಾ ಕೀಲುಗಳು ಸಡಿಲವಾಗಿವೆ.

ಸಾಕ್ಷಿಗಳ ಪಾಟೀಸವಾಲು

ಈಗ ದೂರಮಾಪಕಕ್ಕೆ ಬರೋಣ. ಅದರ ಸಂಖ್ಯೆಯನ್ನು ಇಳಿಸುವ ವಂಚನೆ ಸಾಮಾನ್ಯವಾಗಿರುವುದರಿಂದ ಅದೊಂದನ್ನೇ ನಂಬುವಂತಿಲ್ಲ. ಎಂಟು ವರ್ಷದ ಗಾಡಿ 40,000 ಕಿಲೋಮೀಟರ್ ತೋರಿಸಿದರೆ ದಿನಕ್ಕೆ 14 ಕಿಲೋಮೀಟರಿಗಿಂತ ಕಡಿಮೆ ಓಡಿದೆಯೆಂದಾಯಿತು. ಹಾಗಾದರೆ ಬ್ರೇಕ್ ಪೆಡಲಿನ ರಬ್ಬರು ನುಣುಪಾಗಿ ಸವೆದಿರುವುದೇಕೆ? ಸ್ಟೀರಿಂಗ್ ಚಕ್ರ ಹೊಳೆಯುತ್ತಿರುವುದೇಕೆ? ಟಯರುಗಳನ್ನು ಇಷ್ಟು ಬೇಗ ಬದಲಾಯಿಸಬೇಕಾಗಿ ಬಂದದ್ದೇಕೆ? ಸರ್ವಿಸ್ ಪುಸ್ತಕದ ಸಂಖ್ಯೆಗಳು ಇವುಗಳೊಡನೆ ಹೊಂದುತ್ತವೆಯೆ? ಅನೇಕ ಗಾಡಿಗಳ ಗಣಕಯಂತ್ರದಲ್ಲಿ ದೋಷದ ಸಂಕೇತಗಳು ಉಳಿದಿರುತ್ತವೆ. ಅವನ್ನು ಈಚೆಗೆ ಅಳಿಸಿದ್ದರೆ ಆ ಸುಳಿವೂ ಪರೀಕ್ಷಿಸುವ ಉಪಕರಣಕ್ಕೆ ಸಿಗುವುದುಂಟು.

ಕಾಗದಪತ್ರಗಳ ಮಾತು ಸಂಕ್ಷೇಪವಾಗಿ ಹೇಳಬಹುದು. ಚಾಸಿ ಸಂಖ್ಯೆ ನೋಂದಣಿ ಪತ್ರದೊಡನೆ ಹೊಂದಬೇಕು. ಬ್ಯಾಂಕಿನ ಸಾಲ ತೀರಿರಬೇಕು. ತಯಾರಕರು ದೋಷಕ್ಕಾಗಿ ಆ ಮಾದರಿಯನ್ನು ಹಿಂದಕ್ಕೆ ಕರೆದಿದ್ದರೆ ದುರಸ್ತಿಯಾಗಿರಬೇಕು. ಬೇರೆ ರಾಜ್ಯದ ಗಾಡಿಯನ್ನು ತಂದು 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವುದಾದರೆ ಇಲ್ಲಿಯ ನೋಂದಣಿ ಅಗತ್ಯ. ಆ ತೆರಿಗೆಯನ್ನೂ ಬೆಲೆಗೆ ಸೇರಿಸಿ ಎಣಿಸಬೇಕು.

ಪ್ರಯೋಗಶಾಲೆಯಲ್ಲಿ ಒಂದು ರಾಶಿಯನ್ನು ಒಂದೇ ವಿಧಾನದಿಂದ ಅಳೆದು ನಾವು ಸುಮ್ಮನಾಗುವುದಿಲ್ಲ. ಬೇರೆ ಬೇರೆ ವಿಧಾನಗಳ ಉತ್ತರಗಳು ಒಂದಕ್ಕೊಂದು ಹೊಂದಿದಾಗ ಮಾತ್ರ ನೆಚ್ಚುತ್ತೇವೆ. ಇಲ್ಲಿಯೂ ಹಾಗೆಯೇ. ಒಂದು ಸಂಖ್ಯೆಯನ್ನು ತಿದ್ದುವುದು ಸುಲಭ. ಆದರೆ ಘರ್ಷಣೆ, ಉಷ್ಣ, ತೇವ, ದಣಿವು ಇವು ನೂರು ಕಡೆ ಬಿಟ್ಟ ಗುರುತುಗಳನ್ನೆಲ್ಲ ಪರಸ್ಪರ ಹೊಂದುವಂತೆ ತಿದ್ದುವುದು ಬಹು ಕಷ್ಟ. ಪ್ರತ್ಯಕ್ಷವಾದರೂ ಪ್ರಮಾಣಿಸಿ ನೋಡೆಂದು ನಮ್ಮ ಹಿರಿಯರು ಹೇಳಿದರು. ಸಾಕ್ಷಿಗಳು ಹೊಂದದಿದ್ದಾಗ, ಬಣ್ಣ ಎಷ್ಟೇ ಹೊಳೆಯುತ್ತಿರಲಿ, ಬೆಲೆ ಎಷ್ಟೇ ಇಳಿಯಲಿ, ಮುಂಗಡ ಕೊಡದೆ ಹಿಂದಿರುಗಿರಿ. ಒಳ್ಳೆಯ ಗಾಡಿ ಇನ್ನೊಂದು ಸಿಕ್ಕೀತು. ಮನೆಯವರ ಪ್ರಾಣಕ್ಕೆ ಇನ್ನೊಂದಿಲ್ಲ.