ಮೀನಿಗೆ ಹೆದರಿ ಪುಡಿಯ ಡಬ್ಬ ಹಿಡಿದರೆ ಅಪಾಯ ತಪ್ಪುತ್ತದೆಯೇ?

'ಮೀನಿಗೆ ಫಾರ್ಮಾಲಿನ್, ತರಕಾರಿಗೆ ವಿಷ, ಇನ್ನು ತಿನ್ನುವುದಾದರೂ ಏನನ್ನು?' ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮನೆಗಳಲ್ಲಿ ಈ ಮಾತು ಈಗ ಮಾಮೂಲಿ. ಜಿಮ್ಮಿಗೆ ಹೋಗುವ ಕೆಲವು ಹುಡುಗರಂತೂ 'ಊಟಕ್ಕಿಂತ ಪ್ರೊಟೀನ್ ಪೌಡರೇ ಕ್ಲೀನ್' ಅಂತ ತೀರ್ಮಾನ ಮಾಡಿಬಿಟ್ಟಿದ್ದಾರೆ. ಈ ತೀರ್ಮಾನ ಸರಿಯೇ?

ಹೆದರಿಕೆಗೆ ಕಾರಣವಿಲ್ಲ ಎಂದಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನು ಈ ನೆಲ ಮರೆತಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ದೇಶದಾದ್ಯಂತ ತಡೆ ಹಾಕಿತು. 2018ರ ಜೂನ್‌ನಲ್ಲಿ 'ಆಪರೇಷನ್ ಸಾಗರ್ ರಾಣಿ' ತಪಾಸಣೆ ನಡೆದಾಗ ಕೇರಳದ ಗಡಿ ಚೆಕ್‌ಪೋಸ್ಟ್‌ಗಳಲ್ಲಿ ಫಾರ್ಮಾಲಿನ್ ಹಾಕಿದ ಸಾವಿರಾರು ಕಿಲೋ ಮೀನು ಸಿಕ್ಕಿತು.

ಆದರೆ ಡಬ್ಬದ ಪುಡಿ ಬೇರೆ ಲೋಕದಿಂದ ಬಂದದ್ದಲ್ಲ. ಅದೂ ಇದೇ ಹಾಲು, ಸೋಯಾ, ಬಟಾಣಿಯಿಂದ ತಯಾರಾಗುವುದು. ಕೇರಳದ ಲಿವರ್ ತಜ್ಞ ಡಾ. ಸಿರಿಯಾಕ್ ಆ್ಯಬಿ ಫಿಲಿಪ್ಸ್ ಮತ್ತು ಸಂಗಡಿಗರು ಭಾರತದಲ್ಲಿ ಮಾರಾಟವಾಗುವ 36 ಪ್ರೊಟೀನ್ ಪುಡಿಗಳನ್ನು ಲ್ಯಾಬಿನಲ್ಲಿ ಪರೀಕ್ಷಿಸಿ 2024ರಲ್ಲಿ ವರದಿ ಪ್ರಕಟಿಸಿದರು. ಸುಮಾರು 70% ಪುಡಿಗಳಲ್ಲಿ ಲೇಬಲ್ಲಿನ ಪ್ರೊಟೀನ್ ಲೆಕ್ಕ ತಪ್ಪು. ಸುಮಾರು 14% ಪುಡಿಗಳಲ್ಲಿ ಅಫ್ಲಾಟಾಕ್ಸಿನ್, 8% ಪುಡಿಗಳಲ್ಲಿ ಕೀಟನಾಶಕದ ಅಂಶ. ಅಫ್ಲಾಟಾಕ್ಸಿನ್ ಎಂದರೆ ತೇವ ತಾಗಿದ ಧಾನ್ಯ, ಕಡಲೆಕಾಯಿಯ ಮೇಲೆ ಬೆಳೆಯುವ ಬೂಷ್ಟಿನ ವಿಷ. ಅದು ಮೊದಲು ಕೆಡಿಸುವುದು ಲಿವರನ್ನು. ಅಂದರೆ ಯಾವ ವಿಷಕ್ಕೆ ಹೆದರಿ ಊಟ ಬಿಟ್ಟರೋ ಅದೇ ಡಬ್ಬದೊಳಗೂ ಇರಬಹುದು.

ಇನ್ನೊಂದು ವ್ಯತ್ಯಾಸವಿದೆ. ಊಟ ದಿನವೂ ಬದಲಾಗುತ್ತದೆ. ಇವತ್ತು ಬೂತಾಯಿ, ನಾಳೆ ಮೊಟ್ಟೆ, ನಾಡಿದ್ದು ಹೆಸರುಕಾಳು. ಒಂದರಲ್ಲಿ ಕಲಬೆರಕೆ ಇದ್ದರೂ ಅದು ದಿನಾ ಹೊಟ್ಟೆ ಸೇರುವುದಿಲ್ಲ. ಪುಡಿಯಾದರೆ ಒಂದೇ ಡಬ್ಬ, ತಿಂಗಳುಗಟ್ಟಲೆ. ಅದರಲ್ಲಿ ದೋಷವಿದ್ದರೆ ಪ್ರತಿದಿನವೂ ಅದೇ ದೋಷ.

ಮೀನಿನಲ್ಲೂ ಆಯ್ಕೆ ಇದೆ. ಪಾದರಸ ಜಾಸ್ತಿ ಸೇರುವುದು ಶಾರ್ಕಿನಂಥ, ಬೇರೆ ಮೀನು ತಿಂದು ಬದುಕುವ ದೊಡ್ಡ ಮೀನುಗಳಲ್ಲಿ. ಬೂತಾಯಿಯಂಥ ಸಣ್ಣ ಮೀನಿನಲ್ಲಿ ಅದು ಕಡಿಮೆ, ಒಮೆಗಾ-3 ಮಾತ್ರ ಧಾರಾಳ. ಫಾರ್ಮಾಲಿನ್ ಪತ್ತೆಗೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಕಾಗದದ ಪಟ್ಟಿಯ ಕಿಟ್ ತಯಾರಿಸಿದೆ.

ದುಡ್ಡಿನ ಲೆಕ್ಕವನ್ನೂ ನೋಡಬೇಕು. 3,000 ರೂಪಾಯಿಯ ಡಬ್ಬದಲ್ಲಿ 30 ಚಮಚ ಪುಡಿ ಎಂದಿಟ್ಟುಕೊಂಡರೆ ಒಂದು ಚಮಚಕ್ಕೆ 100 ರೂಪಾಯಿ. ಅದರಲ್ಲಿ ಸಿಗುವ 24 ಗ್ರಾಂ ಪ್ರೊಟೀನ್ ನಾಲ್ಕು ಮೊಟ್ಟೆಯಲ್ಲಿದೆ. ಮೊಟ್ಟೆಗೆ 8 ರೂಪಾಯಿ ಹಿಡಿದರೂ ಖರ್ಚು 32 ರೂಪಾಯಿ ಮಾತ್ರ.

ಹಾಗಂತ ಎಲ್ಲ ಸಪ್ಲಿಮೆಂಟೂ ಬೇಡ ಎಂದಲ್ಲ. ಗರ್ಭಿಣಿಗೆ ಫೋಲಿಕ್ ಆ್ಯಸಿಡ್, ರಕ್ತಹೀನತೆಗೆ ಕಬ್ಬಿಣದ ಮಾತ್ರೆ, ರಕ್ತ ಪರೀಕ್ಷೆಯಲ್ಲಿ ಕೊರತೆ ಕಂಡವರಿಗೆ ವಿಟಮಿನ್ ಡಿ, ಇವನ್ನು ಡಾಕ್ಟರ್ ಹೇಳಿದರೆ ಬಿಡಬಾರದು. ಆದರೆ ವಿಟಮಿನ್ ಎ, ಡಿ ಅತಿಯಾದರೆ ಮೂತ್ರದಲ್ಲಿ ಹೊರಹೋಗದೆ ದೇಹದಲ್ಲೇ ಉಳಿಯುತ್ತವೆ, ಹಾನಿ ಮಾಡುತ್ತವೆ. ಕಿಡ್ನಿ ತೊಂದರೆ ಇದ್ದವರು ಕೇಳದೆ ಪ್ರೊಟೀನ್ ಪುಡಿ ಮುಟ್ಟಲೇಬಾರದು.

ಕೊಳ್ಳಲೇಬೇಕಾದರೆ ಬಿಲ್ ಕೇಳಿ ಪಡೆಯಬೇಕು. ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಅವಧಿ, ಸೀಲ್ ನೋಡಬೇಕು. ಲೈಸೆನ್ಸ್ ಇದೆ ಎಂದಾಕ್ಷಣ ಪ್ರತಿ ಡಬ್ಬವನ್ನೂ ಸರಕಾರ ಪರೀಕ್ಷಿಸಿದೆ ಎಂದರ್ಥವಲ್ಲ. ಕ್ಯಾಪ್ಸೂಲಿನ ಹೊರಪದರ ಹೆಚ್ಚಾಗಿ ಜೆಲಾಟಿನ್; ಅದು ದನದ್ದೋ ಹಂದಿಯದ್ದೋ ಆಗಿರುತ್ತದೆ. ಹಲಾಲ್ ನೋಡುವವರು ಅದನ್ನೂ ವಿಚಾರಿಸಿಕೊಳ್ಳಬೇಕು.

ಆಹಾರದ ವಿಷಕ್ಕೆ ಮದ್ದು ಡಬ್ಬದಲ್ಲಿಲ್ಲ. ಎಂಡೋಸಲ್ಫಾನ್ ನಿಂತದ್ದು ಊರವರು ಪಟ್ಟುಹಿಡಿದು ಹೋರಾಡಿದ್ದರಿಂದ. ಮೀನಿನ ಬಗ್ಗೆ ಸಂಶಯ ಬಂದರೆ ಸುಮ್ಮನೆ ತಿನ್ನುವುದನ್ನು ಬಿಡುವುದಲ್ಲ, ಆಹಾರ ಸುರಕ್ಷತಾ ಇಲಾಖೆಗೆ ದೂರು ಕೊಡಬೇಕು. ಆಗ ಪುಡಿ ಕೊಳ್ಳಲು ದುಡ್ಡಿಲ್ಲದ ಮನೆಯ ತಟ್ಟೆಗೂ ಒಳ್ಳೆಯ ಮೀನು ಬರುತ್ತದೆ.