ಮೂವತ್ತನಾಲ್ಕಕ್ಕೇ ನಿಂತ ಉಸಿರು

1955ರ ಮಾರ್ಚ್ 12ರ ಸಂಜೆ. ನ್ಯೂಯಾರ್ಕಿನ ಹೋಟೆಲೊಂದರಲ್ಲಿದ್ದ ಗೆಳತಿಯ ಮನೆಯಲ್ಲಿ ಟಿ.ವಿ. ನೋಡುತ್ತ ಕುಳಿತಿದ್ದ ವ್ಯಕ್ತಿಯೊಬ್ಬ ನಗುತ್ತ ನಗುತ್ತಲೇ ಕುಸಿದ. ಮತ್ತೆ ಏಳಲಿಲ್ಲ. ಶವವನ್ನು ನೋಡಿದ ವೈದ್ಯರು ಸತ್ತವನ ವಯಸ್ಸು ಐವತ್ತು ದಾಟಿದೆ ಎಂದು ಅಂದಾಜು ಮಾಡಿದರು. ಆದರೆ ಆತನಿಗೆ ಆಗಿದ್ದುದು ಕೇವಲ 34 ವರ್ಷ!

ಆತ ಚಾರ್ಲಿ ಪಾರ್ಕರ್. ಜಾಝ್ ಸಂಗೀತದ ದಿಕ್ಕನ್ನೇ ಬದಲಿಸಿದ ಸ್ಯಾಕ್ಸೋಫೋನ್ ವಾದಕ. ಅಭಿಮಾನಿಗಳು ಅವನನ್ನು ಪ್ರೀತಿಯಿಂದ 'ಬರ್ಡ್', ಅಂದರೆ ಹಕ್ಕಿ ಎಂದು ಕರೆಯುತ್ತಿದ್ದರು. ನ್ಯೂಯಾರ್ಕಿನಲ್ಲಿ 1949ರಲ್ಲಿ ತೆರೆದ ಸಂಗೀತದ ಕ್ಲಬ್ಬೊಂದಕ್ಕೆ ಅವನ ಗೌರವಾರ್ಥ 'ಬರ್ಡ್‌ಲ್ಯಾಂಡ್' ಎಂದೇ ಹೆಸರಿಟ್ಟಿದ್ದರು. ಇಂಥ ಹಕ್ಕಿಯ ರೆಕ್ಕೆ ಮುರಿದದ್ದು ಹೆರಾಯಿನ್ ಮತ್ತು ಮದ್ಯ.

ಅವಮಾನದಿಂದ ಸಾಧನೆಗೆ

ಪಾರ್ಕರ್ ಹುಟ್ಟಿದ್ದು 1920ರ ಆಗಸ್ಟ್ 29ರಂದು, ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ. ತಂದೆ ಮನೆಯ ಕಡೆ ಸುಳಿದದ್ದು ಕಡಿಮೆ. ತಾಯಿ ರಾತ್ರಿ ಪಾಳಿಯಲ್ಲಿ ಕಚೇರಿಯ ಕಸ ಗುಡಿಸಿ, ಉಳಿಸಿದ ಹಣದಲ್ಲಿ ಮಗನಿಗೊಂದು ಸ್ಯಾಕ್ಸೋಫೋನ್ ಕೊಡಿಸಿದಳು.

ಹುಟ್ಟುಪ್ರತಿಭೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಹದಿನಾರರ ಹರೆಯದಲ್ಲಿ ಪಾರ್ಕರ್ ನಗೆಪಾಟಲಾಗಿದ್ದ. ದೊಡ್ಡವರ ಜೊತೆ ನುಡಿಸಲು ವೇದಿಕೆ ಹತ್ತಿ, ನಡುವೆ ದಾರಿ ತಪ್ಪಿದಾಗ ಪ್ರಸಿದ್ಧ ಡ್ರಮ್ ವಾದಕ ಜೋ ಜೋನ್ಸ್ ತನ್ನ ಕಂಚಿನ ತಟ್ಟೆಯನ್ನೇ ಅವನ ಕಾಲ ಬಳಿ ಎಸೆದನಂತೆ. ಹುಡುಗ ಹಟ ತೊಟ್ಟ. ಮೂರು ನಾಲ್ಕು ವರ್ಷ ದಿನಕ್ಕೆ ಹನ್ನೊಂದರಿಂದ ಹದಿನೈದು ಗಂಟೆ ಅಭ್ಯಾಸ ಮಾಡಿದೆ ಎಂದು ಮುಂದೆ ಅವನೇ ರೇಡಿಯೋ ಸಂದರ್ಶನವೊಂದರಲ್ಲಿ ಹೇಳಿದ್ದಾನೆ. ನೆರೆಹೊರೆಯವರು ಬೇಸತ್ತು, ಮನೆ ಖಾಲಿ ಮಾಡಿ ಎಂದು ತಾಯಿಗೆ ಹೇಳಿದ್ದರಂತೆ! ಡಿಜ್ಜಿ ಗಿಲೆಸ್ಪಿಯೊಡನೆ ಸೇರಿ 1940ರ ದಶಕದಲ್ಲಿ ಅವನು ಬೆಳೆಸಿದ 'ಬೀಬಾಪ್' ಶೈಲಿಯ ಮಿಂಚಿನ ವೇಗದ ಹಿಂದೆ ಇದ್ದದ್ದು ಈ ಬೆವರು.

ನೋವಿನ ಮದ್ದು

1936ರ ಕೊನೆಯಲ್ಲಿ ಕಾರ್ಯಕ್ರಮಕ್ಕೆಂದು ಹೊರಟಿದ್ದ ಕಾರು ಉರುಳಿತು. ಜೊತೆಗಾರನೊಬ್ಬ ಸತ್ತ. ಪಾರ್ಕರನ ಪಕ್ಕೆಲುಬುಗಳು ಮುರಿದವು. ಆಗ ನೋವಿಗೆಂದು ಸಿಕ್ಕ ಮಾರ್ಫಿನ್ನೇ ಚಟಕ್ಕೆ ಬಾಗಿಲಾಯಿತು ಎಂದು ಅವನ ಜೀವನ ಚರಿತ್ರೆ ಬರೆದವರು ಹೇಳುತ್ತಾರೆ. ಮುಂದಿನದು ಹೆರಾಯಿನ್.

ಇದು ಹೇಗಾಗುತ್ತದೆ? ನೋವನ್ನು ತಣಿಸುವ ರಾಸಾಯನಿಕಗಳನ್ನು ನಮ್ಮ ಮಿದುಳು ತಾನೇ ಅಲ್ಪ ಪ್ರಮಾಣದಲ್ಲಿ ತಯಾರಿಸಿಕೊಳ್ಳುತ್ತದೆ. ಅಫೀಮಿನಿಂದ ಬಂದ ಮಾರ್ಫಿನ್, ಹೆರಾಯಿನ್‌ಗಳು ಅವೇ ಬೀಗಗಳಿಗೆ ಕಳ್ಳಕೀಲಿಯಂತೆ ಹೊಂದಿಕೊಂಡು ಹಿತವನ್ನು ಹೊಳೆಯಾಗಿ ಹರಿಸುತ್ತವೆ. ಮಿದುಳು ಬರಬರುತ್ತ ಇದಕ್ಕೆ ಒಗ್ಗಿಕೊಳ್ಳುತ್ತದೆ. ನಿನ್ನೆಯ ಪ್ರಮಾಣ ಇವತ್ತು ಸಾಲದು. ಬಿಟ್ಟರೆ ಮೈ ನಡುಕ, ವಾಂತಿ, ಮೈಕೈ ನೋವು, ನಿದ್ದೆಗೇಡು. ಆಮೇಲೆ ತೆಗೆದುಕೊಳ್ಳುವುದು ಸುಖಕ್ಕಲ್ಲ, ಬರೀ ಸಂಕಟ ತಪ್ಪಿಸಿಕೊಳ್ಳುವುದಕ್ಕೆ.

1946ರ ಜುಲೈ 29ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದದ್ದೂ ಇದೇ. ಹೆರಾಯಿನ್ ಸಿಗದೆ ಮದ್ಯ ಕುಡಿದು ಧ್ವನಿಮುದ್ರಣಕ್ಕೆ ಬಂದ ಪಾರ್ಕರ್ ನೆಟ್ಟಗೆ ನಿಲ್ಲಲಾರದೆ ನುಡಿಸಿದ. ಅದೇ ರಾತ್ರಿ ಹೋಟೆಲಿನಲ್ಲಿ ಅವಾಂತರವಾಗಿ ಬಂಧನವಾಯಿತು. ಬಳಿಕ ಆರು ತಿಂಗಳು ಕ್ಯಾಮರಿಲ್ಲೊ ಮಾನಸಿಕ ಆಸ್ಪತ್ರೆ. ಆ ದಿನದ ಧ್ವನಿಮುದ್ರಣ ಮಾರಾಟಕ್ಕೆ ಬಂದಾಗ ಅವನು ಕೆರಳಿದ. ಆಸ್ಪತ್ರೆಯಿಂದ ಚೇತರಿಸಿಕೊಂಡು ಬಂದನಾದರೂ ಚಟ ಬೆನ್ನು ಬಿಡಲಿಲ್ಲ. ತಾಯಿಯ ಬೆವರಿನಿಂದ ವಾದ್ಯ ಹಿಡಿದ ಮಗ ಮುಂದೆ ತನ್ನ ವಾದ್ಯವನ್ನು ಮತ್ತೆ ಮತ್ತೆ ಗಿರವಿ ಇಟ್ಟ. 1953ರಲ್ಲಿ ಟೊರಾಂಟೊದ ಪ್ರಸಿದ್ಧ ಕಛೇರಿಯಲ್ಲಿ ಅವನ ಕೈಲಿದ್ದದ್ದು ಒಂದು ಪ್ಲಾಸ್ಟಿಕ್ ಸ್ಯಾಕ್ಸೋಫೋನ್.

ಶಿಷ್ಯರ ತಪ್ಪು ಲೆಕ್ಕ

ಅವನ ಸಾವಿಗಿಂತ ದೊಡ್ಡ ದುರಂತ ಇನ್ನೊಂದಿದೆ. 'ಬರ್ಡ್ ಸೂಜಿ ಚುಚ್ಚಿಕೊಳ್ಳುತ್ತಾನೆ, ಅದಕ್ಕೇ ಹಾಗೆ ನುಡಿಸುತ್ತಾನೆ' ಎಂದು ಎಷ್ಟೋ ಎಳೆಯ ವಾದಕರು ನಂಬಿದರು. ಅವನ ಹದಿನೈದು ಗಂಟೆಯ ಅಭ್ಯಾಸವನ್ನು ಅವರು ಕಂಡಿರಲಿಲ್ಲ. ಕಂಡದ್ದು ಸೂಜಿ ಮಾತ್ರ. ಅವನ ತಂಡದಲ್ಲೇ ಇದ್ದ ಟ್ರಂಪೆಟ್ ವಾದಕ ರೆಡ್ ರಾಡ್ನಿ ಇದೇ ಹಾದಿ ಹಿಡಿದು ಜೈಲು ಕಂಡ. ಅಮಲಿನಲ್ಲಿ ಚೆನ್ನಾಗಿ ನುಡಿಸುತ್ತೇನೆ ಎನ್ನುವ ವಾದಕ ಸುಳ್ಳುಗಾರ ಎಂದು ಸ್ವತಃ ಪಾರ್ಕರ್ 1949ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದ. ಕೇಳುವವರು ಯಾರು?

ಒಬ್ಬ ಕೇಳಿದ. ಅವನೇ ಸನ್ನಿ ರೋಲಿನ್ಸ್. 1953ರ ಧ್ವನಿಮುದ್ರಣವೊಂದರಲ್ಲಿ, ಚಟ ಬಿಟ್ಟಿದ್ದೇನೆ ಎಂದು ಅವನು ಪಾರ್ಕರನಿಗೆ ಸುಳ್ಳು ಹೇಳಿದ. ನಿಜ ತಿಳಿದಾಗ ಪಾರ್ಕರನ ಮುಖ ಬಾಡಿತು. ಆ ಮುಖ ರೋಲಿನ್ಸನನ್ನು ಕಾಡಿತು. 1955ರಲ್ಲಿ ಅವನು ತಾನಾಗಿಯೇ ಕೆಂಟಕಿಯ ಲೆಕ್ಸಿಂಗ್ಟನ್‌ನ ಸರ್ಕಾರಿ ಆಸ್ಪತ್ರೆ ಸೇರಿದ. ವಾಸಿಯಾಗಿ ಹೋಗಿ ಗುರುವಿಗೆ ತೋರಿಸಬೇಕೆಂಬ ಆಸೆ. ಆದರೆ ಅವನು ಅಲ್ಲಿರುವಾಗಲೇ ಪಾರ್ಕರ್ ತೀರಿಹೋದ ಸುದ್ದಿ ಬಂತು.

ರೋಲಿನ್ಸ್ ಮತ್ತೆ ಆ ಕಡೆ ಹೊರಳಲಿಲ್ಲ. ಎಂಬತ್ತು ದಾಟಿದ ಮೇಲೂ ವೇದಿಕೆಯಲ್ಲಿ ನುಡಿಸಿದ. 1957ರಲ್ಲಿ ಹೆರಾಯಿನ್ ಬಿಟ್ಟ ಜಾನ್ ಕೋಲ್ಟ್ರೇನ್ ತನ್ನ ಅತ್ಯುತ್ತಮ ಸಂಗೀತ ಕೊಟ್ಟದ್ದು ಬಿಟ್ಟ ನಂತರವೇ. ಅಮಲಿಲ್ಲದೆ ಕಲೆಯಿಲ್ಲ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಮನೆಯವರಿಗೊಂದು ಮಾತು

ಚಟ ಒಂದು ಕಾಯಿಲೆ, ಮನೆತನದ ಕಳಂಕವಲ್ಲ. ಮಗ ಅಥವಾ ಮಗಳು ಹಳೆಯ ಗೆಳೆಯರನ್ನು ತೊರೆದರೆ, ಹಗಲು ರಾತ್ರಿ ಅದಲುಬದಲಾದರೆ, ಮನೆಯಲ್ಲಿ ಹಣ, ವಸ್ತು ಕಾಣೆಯಾಗತೊಡಗಿದರೆ ಹೊಡೆತ ಬೈಗುಳಕ್ಕೆ ಮೊದಲು ಕೂರಿಸಿಕೊಂಡು ಮಾತನಾಡಿ. ಮುಚ್ಚಿಡುವುದರಿಂದ ಕಳೆದುಹೋಗುವುದು ಚಿಕಿತ್ಸೆಯ ಸಮಯ. ಪಾರ್ಕರನ ಕಾಲದಲ್ಲಿ ಇಲ್ಲದ ಔಷಧಿಗಳು ಈಗ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಕರೆ ಮಾಡಬಹುದು.

ವಿದ್ಯಾರ್ಥಿ ಮಿತ್ರರೇ, ಪಾರ್ಕರನ ಸಂಗೀತವನ್ನು ಒಮ್ಮೆ ಕೇಳಿ. ಅನುಕರಿಸಬೇಕೆನಿಸಿದರೆ ನೆರೆಹೊರೆಯವರು ಬೇಸತ್ತರೂ ಅಭ್ಯಾಸ ಬಿಡದ ಆ ಹುಡುಗನನ್ನು ಅನುಕರಿಸಿ.